ಅಮೆರಿಕದ ಕಾದಂಬರಿಗಳಲ್ಲಿ ದೇವರು

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ "ಆಧುನಿಕ ಸಾಹಿತ್ಯಕ್ಕೆ ಧರ್ಮದ ಹಂಗು ಬೇಕಿಲ್ಲ" ಎಂಬ ವಿಷಯದ ಮೇಲೆ ಸ್ಪರ್ಧೆ ನಡೆದುದು ಸಹಪಾಠಿ ಮಿತ್ರರಲ್ಲಿ ಹಲವರಿಗೆ ನೆನಪಿರಬಹುದು. ನಾನು ವಿಷಯದ ಪರವಾಗಿ ಮಾತನಾಡಿ ಎರಡನೆಯ ಬಹುಮಾನವನ್ನು ಪಡೆದೆ. ಅಂದು ನಾನು ಪ್ರಯೋಗಿಸಿದ ಮುಖ್ಯ ಅಸ್ತ್ರವೆಂದರೆ ಅಮೆರಿಕ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶ ಅದು. ಸರ್ಕಾರವು ಯಾವ ಮತವನ್ನೂ ಅಧಿಕೃತವಾಗಿ ಸ್ಥಾಪಿಸಕೂಡದೆಂದು ೧೭೯೧ರಲ್ಲಿ ಅಲ್ಲಿನ ಸಂವಿಧಾನದ ಮೊದಲನೆಯ ತಿದ್ದುಪಡಿಯಲ್ಲಿಯೇ ಬರೆದುಕೊಂಡ ದೇಶ ಅದು. ಅಂಥ ದೇಶದ ಲೇಖಕರು ದೇವರ ಗೊಡವೆಯನ್ನು ಎಂದೋ ಬಿಟ್ಟಿದ್ದಾರೆ, ನಾವಿನ್ನೂ ಗುಡಿಯ ಕಂಬ ಹಿಡಿದು ನಿಂತಿದ್ದೇವೆ ಎಂದು ಮೇಜು ಗುದ್ದಿ ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು. ನಿಜ ಹೇಳಬೇಕೆಂದರೆ, ಅಂದಿಗೆ ನಾನು ಓದಿದ್ದ ಅಮೆರಿಕನ್ ಸಾಹಿತ್ಯ ಪಠ್ಯದಲ್ಲಿದ್ದ ನಾಲ್ಕು ಪದ್ಯ, ಒಂದು ನಾಟಕ ಮತ್ತು ಅವೆರಡರ ಗೈಡು ಮಾತ್ರ.

ತೀರ್ಪುಗಾರರಲ್ಲಿ ಒಬ್ಬರಾಗಿದ್ದ ನಮ್ಮ ಇಂಗ್ಲಿಷ್ ಅಧ್ಯಾಪಕರು ಮರುದಿನ ನನ್ನನ್ನು ಕರೆದು, "ಮಾತು ಚೆನ್ನಾಗಿತ್ತಪ್ಪಾ, ಒಳಗೆ ಸರಕಿರಲಿಲ್ಲ" ಎಂದರು. ಎಂದವರು ತಮ್ಮ ಚೀಲದಿಂದ ಒಂದು ಕಾದಂಬರಿಯನ್ನು ತೆಗೆದು ಕೈಗಿತ್ತರು. ಬೇಸಗೆಯ ರಜೆಯಲ್ಲಿ ಅದನ್ನು ನಿಘಂಟಿನ ಸಹಾಯದಿಂದ ಓದಿದೆ. ಆಮೇಲೆ ಅವರಿಂದಲೇ ಇನ್ನೂ ನಾಲ್ಕೈದು ಪುಸ್ತಕಗಳನ್ನು ಪಡೆದು ಓದಿದೆ. ಓದಿದ ಮೇಲೆ ಆ ಭಾಷಣವನ್ನು ಹಿಂದಕ್ಕೆ ಪಡೆಯದೆ ಗತ್ಯಂತರವಿಲ್ಲವೆನಿಸಿತು. ಈ ಲೇಖನ ಅದಕ್ಕಾಗಿ. ಬಹುಮಾನವನ್ನು ಮಾತ್ರ ಹಿಂದಿರುಗಿಸುವುದಿಲ್ಲ. ಅದು ಒಂದು ಒಳ್ಳೆಯ ಲೇಖನಿ.

ನನ್ನ ಭಾಷಣ ಪೂರ್ತಿ ಸುಳ್ಳಾಗಿತ್ತೆಂದೂ ಹೇಳಲಾರೆ. ಗ್ಯಾಲಪ್ ಸಂಸ್ಥೆಯವರು ೧೯೩೭ರಲ್ಲಿ ಮೊದಲ ಬಾರಿಗೆ ವಿಚಾರಿಸಿದಾಗ ಅಮೆರಿಕನ್ನರಲ್ಲಿ ನೂರಕ್ಕೆ ೭೩ ಮಂದಿ ತಾವು ಒಂದಲ್ಲ ಒಂದು ಪ್ರಾರ್ಥನಾಮಂದಿರದ ಸದಸ್ಯರೆಂದು ಹೇಳಿದ್ದರಂತೆ. ೨೦೨೦ರಲ್ಲಿ ಆ ಸಂಖ್ಯೆ ೪೭ಕ್ಕೆ ಇಳಿಯಿತು. ಅರ್ಧಕ್ಕಿಂತ ಕೆಳಗೆ ಹೋದುದು ಅದೇ ಮೊದಲು. ಸಾಹಿತ್ಯದ ಮಟ್ಟಿಗೂ ಈ ಮಾತನ್ನು ಬಲ್ಲವರೇ ಎತ್ತಿದ್ದಾರೆ. ಪಾಲ್ ಈಲಿ ಎಂಬ ವಿಮರ್ಶಕರು ೨೦೧೨ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಅಮೆರಿಕದ ಕಥೆ ಕಾದಂಬರಿಗಳು ತಮ್ಮ ನಂಬಿಕೆಯನ್ನು ಕಳೆದುಕೊಂಡಿವೆಯೇ ಎಂದು ಕೇಳಿದರು. ಅದರ ಮೇಲೆ ದೊಡ್ಡ ವಾದವೇ ನಡೆಯಿತು. ಈಲಿಯವರು ಸ್ವತಃ ಕ್ಯಾಥೊಲಿಕರು. ಇಪ್ಪತ್ತನೆಯ ಶತಮಾನದ ನಾಲ್ವರು ಕ್ಯಾಥೊಲಿಕ್ ಲೇಖಕರ ಮೇಲೆ ೨೦೦೩ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದವರು. ಅಂಥವರೇ ಸಂಶಯಪಟ್ಟ ಮೇಲೆ ನನ್ನಂಥವನು ಮೇಜು ಗುದ್ದಿದ್ದು ಅಪರಾಧವಲ್ಲ.

ಆದರೆ ಒಂದು ಮಾತನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಧರ್ಮದ ಹೆಸರಿನ ಪುಸ್ತಕಗಳಿಗೆ ಅಲ್ಲಿ ಕ್ಷಾಮವೇನೂ ಇಲ್ಲ. ಟಿಮ್ ಲಹೇ ಮತ್ತು ಜೆರಿ ಜೆಂಕಿನ್ಸ್ ಎಂಬಿಬ್ಬರು ೧೯೯೫ರಿಂದ ೨೦೦೭ರವರೆಗೆ ಬರೆದ 'ಲೆಫ್ಟ್ ಬಿಹೈಂಡ್' ಎಂಬ ೧೬ ಕಾದಂಬರಿಗಳ ಮಾಲೆ ಆರು ಕೋಟಿ ಪ್ರತಿಗಳಿಗೂ ಮೀರಿ ಮಾರಾಟವಾಗಿದೆ. ಪ್ರಳಯಕಾಲ ಬಂದಾಗ ನಂಬಿದವರು ಇದ್ದಕ್ಕಿದ್ದಂತೆ ಸ್ವರ್ಗಕ್ಕೆ ಏರಿಹೋಗುತ್ತಾರೆ, ನಂಬದವರು ಭೂಮಿಯ ಮೇಲೆ ಉಳಿದು ಪಾಡುಪಡುತ್ತಾರೆ ಎಂಬುದು ಅದರ ವಸ್ತು. ಮೊದಲ ಪುಟದಲ್ಲಿಯೇ ಯಾರು ಸರಿ, ಯಾರು ತಪ್ಪು ಎಂಬುದು ತೀರ್ಮಾನವಾಗಿಹೋಗಿರುವ ಕಥೆ. ಇಂಥವನ್ನು ಧರ್ಮಕ್ಕೂ ಸಾಹಿತ್ಯಕ್ಕೂ ಇರುವ ನಂಟಿನ ಸಾಕ್ಷಿಯಾಗಿ ನಾನು ಹಿಡಿಯುವುದಿಲ್ಲ. ನಮ್ಮ ಊರಿನ ಜಾತ್ರೆಯಲ್ಲಿ ಮಾರುವ ಮಹಾತ್ಮೆಯ ಪುಸ್ತಕಗಳಿಗಾದರೂ ಒಂದು ಹಾಡಿನ ಧಾಟಿ ಇರುತ್ತದೆ.

ನನಗೆ ಮೊದಲು ಸಿಕ್ಕಿದ ಕಾದಂಬರಿ ಮೆರಿಲಿನ್ ರಾಬಿನ್‌ಸನ್ ಅವರ 'ಗಿಲಿಯಡ್'. ಈಕೆ ೧೯೪೩ರಲ್ಲಿ ಐಡಹೊ ಸಂಸ್ಥಾನದಲ್ಲಿ ಹುಟ್ಟಿದವರು. ಅಯೊವ ವಿಶ್ವವಿದ್ಯಾನಿಲಯದಲ್ಲಿ ಬಹಳ ಕಾಲ ಅಧ್ಯಾಪಕಿಯಾಗಿದ್ದವರು. ಮೊದಲನೆಯ ಕಾದಂಬರಿ ೧೯೮೦ರಲ್ಲಿ ಬಂತು. ಎರಡನೆಯದಾದ ಈ 'ಗಿಲಿಯಡ್' ಬಂದುದು ೨೦೦೪ರಲ್ಲಿ. ನಡುವೆ ಇಪ್ಪತ್ತನಾಲ್ಕು ವರ್ಷ! ೨೦೦೫ರಲ್ಲಿ ಇದಕ್ಕೆ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ೨೦೧೫ರಲ್ಲಿ ಅಂದಿನ ಅಧ್ಯಕ್ಷ ಒಬಾಮ ಅವರೇ ಅಯೊವದ ರಾಜಧಾನಿ ಡಿ ಮೊಯಿನ್‌ನಲ್ಲಿ ಈಕೆಯನ್ನು ಕೂರಿಸಿಕೊಂಡು ಸಂದರ್ಶನ ಮಾಡಿದರು. ಅಧ್ಯಕ್ಷನು ಪ್ರಶ್ನೆ ಕೇಳುವುದು, ಲೇಖಕಿ ಉತ್ತರ ಹೇಳುವುದು! ನಮ್ಮಲ್ಲಿ ಸಾಮಾನ್ಯವಾಗಿ ಮಂತ್ರಿಗಳು ಉದ್ಘಾಟನೆ ಮಾಡಿ ಹೊರಟುಹೋಗುತ್ತಾರೆ.

ಕಾದಂಬರಿಯ ಕಥೆ ಹೇಳಿಕೊಳ್ಳುವಂಥದೇನೂ ಅಲ್ಲ. ೧೯೫೬ರ ಇಸವಿ. ಅಯೊವದ ಒಂದು ಸಣ್ಣ ಊರು. ಜಾನ್ ಏಮ್ಸ್ ಎಂಬ ೭೬ ವರ್ಷದ ಪಾದ್ರಿಗೆ ಹೃದಯದ ಕಾಯಿಲೆ. ಹೆಚ್ಚು ದಿನ ಬದುಕುವುದಿಲ್ಲವೆಂದು ಗೊತ್ತು. ಇಳಿವಯಸ್ಸಿನಲ್ಲಿ ಮದುವೆಯಾಗಿ ಹುಟ್ಟಿದ, ಇನ್ನೂ ಏಳು ತುಂಬದ ಮಗನಿದ್ದಾನೆ. ಆ ಮಗ ದೊಡ್ಡವನಾದ ಮೇಲೆ ಓದಲೆಂದು ಮುದುಕ ಒಂದು ಕಾಗದ ಬರೆಯುತ್ತಾನೆ. ಕಾದಂಬರಿಯೆಲ್ಲ ಆ ಒಂದೇ ಕಾಗದ. ಏಮ್ಸ್‌ನ ತಾತನೂ ಪಾದ್ರಿ, ತಂದೆಯೂ ಪಾದ್ರಿ. ತಾತನು ಗುಲಾಮಗಿರಿಯನ್ನು ನಾಶಮಾಡಬೇಕೆಂದು ಜಾನ್ ಬ್ರೌನನ ಪಕ್ಷ ಸೇರಿ, ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಪ್ರವಚನ ಮಾಡಿದವನು; ಅಂತರ್ಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡವನು. ತಂದೆ ಅದಕ್ಕೆ ತದ್ವಿರುದ್ಧವಾಗಿ ಯುದ್ಧವೇ ಪಾಪವೆಂದು ನಂಬಿದವನು. ಒಂದೇ ಮನೆ, ಒಂದೇ ಬೈಬಲು. ಒಬ್ಬನಿಗೆ ಅದು ಕತ್ತಿ ಹಿಡಿ ಎಂದು ಹೇಳಿತು, ಇನ್ನೊಬ್ಬನಿಗೆ ಕತ್ತಿ ಬಿಡು ಎಂದಿತು. ಇಬ್ಬರಲ್ಲಿ ಯಾರು ಸರಿ ಎಂಬುದನ್ನು ಲೇಖಕಿ ತೀರ್ಪು ಮಾಡುವುದಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದುದು ಇವರಾರೂ ಅಲ್ಲ. ಏಮ್ಸ್‌ನ ಅಣ್ಣ ಎಡ್ವರ್ಡ್. ಈತ ಬಹಳ ಬುದ್ಧಿವಂತ ಹುಡುಗ. ಊರಿನ ಚರ್ಚಿನ ಬಡ ಜನ ಚಂದಾ ಎತ್ತಿ ಅವನನ್ನು ಕಾಲೇಜಿಗೆ ಕಳಿಸಿದರು. ಆಮೇಲೆ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯಕ್ಕೂ ಕಳಿಸಿದರು. ತಂದೆಯಂತೆ ದೊಡ್ಡ ಪಾದ್ರಿಯಾಗಿ ಬರುತ್ತಾನೆಂದು ಅವರ ಆಸೆ. ಅವನು ಮೀಸೆ ಬಿಟ್ಟುಕೊಂಡು, ನಾಸ್ತಿಕನಾಗಿ ಹಿಂದಿರುಗಿದ. ಮನೆಯಲ್ಲಿ ಮೊದಲ ದಿನದ ಊಟ. ತಂದೆ ಎಂದಿನಂತೆ, ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳೆಂದು ಹಿರಿಮಗನನ್ನು ಕೇಳುತ್ತಾನೆ. ತನ್ನ ಅಂತಃಸಾಕ್ಷಿ ಒಪ್ಪುವುದಿಲ್ಲವೆಂದು ಎಡ್ವರ್ಡ್ ಮರ್ಯಾದೆಯಾಗಿಯೇ ನಿರಾಕರಿಸುತ್ತಾನೆ. ತಂದೆ ಮೇಜು ಬಿಟ್ಟು ಎದ್ದುಹೋಗುತ್ತಾನೆ. ತಾಯಿ ಕುಳಿತಲ್ಲಿಯೇ ಕಣ್ಣೀರು ಸುರಿಸುತ್ತಾಳೆ. ಎಡ್ವರ್ಡ್ ಆಲೂಗಡ್ಡೆಯ ತಟ್ಟೆಯನ್ನು ತಮ್ಮನ ಕಡೆಗೆ ಸರಿಸುತ್ತಾನೆ. ಏನು ಮಾಡಬೇಕೆಂದು ತಿಳಿಯದೆ ಆ ಸಣ್ಣ ಹುಡುಗ ಒಂದಿಷ್ಟು ಬಡಿಸಿಕೊಳ್ಳುತ್ತಾನೆ. ಅಣ್ಣ ತಮ್ಮಂದಿರಿಬ್ಬರೂ ಪ್ರಾರ್ಥನೆಯಿಲ್ಲದ ಆ ಊಟವನ್ನು ಸ್ವಲ್ಪ ಹೊತ್ತು ಉಣ್ಣುತ್ತಾರೆ.

ಇಷ್ಟೇ. ಎರಡು ಪುಟವೂ ಇಲ್ಲ. ನಾನು ಈ ಪುಟಗಳನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅದರ ಕಾರಣವನ್ನು ಇಲ್ಲಿ ಬರೆಯಬೇಕೇ ಬೇಡವೇ ಎಂದು ಬಹಳ ಯೋಚಿಸಿದೆ. ಬರೆಯದಿದ್ದರೆ ಮುಂದಿನ ಮಾತಿಗೆ ಆಧಾರವಿರುವುದಿಲ್ಲವಾದ್ದರಿಂದ ಬರೆಯುತ್ತೇನೆ.

ನನ್ನ ತಂದೆ ಮಾರುಕಟ್ಟೆಯ ಅಂಗಳದಲ್ಲಿ ಮೂಟೆ ಹೊರುವ ಹಮಾಲಿ. ತಾಯಿ ಕೂಲಿಗೆ ಹೋಗುತ್ತಾಳೆ. ಇಬ್ಬರಿಗೂ ಅಕ್ಷರವಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಾನು ಪಿ.ಯು.ಸಿ. ಪಾಸಾದರೆ ಊರ ಮಾರಮ್ಮನಿಗೆ ಬಾಯಿಬೀಗ ಹಾಕಿಸಿಕೊಳ್ಳುತ್ತೇನೆಂದು ತಾಯಿ ಹರಕೆ ಹೊತ್ತಿದ್ದಳು. ಇದನ್ನು ನನಗೆ ಮೊದಲು ಹೇಳಿರಲಿಲ್ಲ. ಬಿ.ಎ. ಮೊದಲ ವರ್ಷದ ಜಾತ್ರೆಗೆ ಊರಿಗೆ ಹೋದಾಗ ತಿಳಿಯಿತು. ಕೆನ್ನೆಯ ಈ ಕಡೆಯಿಂದ ಆ ಕಡೆಗೆ ಲೋಹದ ಸರಳು ಚುಚ್ಚಿಸಿಕೊಳ್ಳುವುದೆಂದರೆ ಏನೆಂಬುದನ್ನು ನೋಡಿದವರು ಬಲ್ಲರು. ಆಗ ನಾನು ಎರಡು ಮೂರು ವೈಚಾರಿಕ ಪುಸ್ತಕಗಳನ್ನು ಓದಿದ್ದೆ. ನೆಂಟರಿಷ್ಟರೆಲ್ಲ ನೆರೆದಿದ್ದ ಅಂಗಳದಲ್ಲಿ, ಪಾಸಾದುದು ನಾನು ಓದಿದ್ದರಿಂದಲೇ ಹೊರತು ಮಾರಮ್ಮನಿಂದಲ್ಲ, ಇದೆಲ್ಲ ಮೌಢ್ಯ, ನಾನು ಬರುವುದಿಲ್ಲ ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ತಂದೆ ಒಂದು ಮಾತೂ ಆಡದೆ ಹೊರಗೆ ಹೋದರು. ತಾಯಿ ಚಿಕ್ಕಮ್ಮನ ಕೈ ಹಿಡಿದುಕೊಂಡು ಗುಡಿಗೆ ಹೋದಳು. ರಾತ್ರಿ ಬಂದು, ಊದಿದ ಕೆನ್ನೆಗೆ ಅರಿಸಿನ ಮೆತ್ತಿಕೊಂಡೇ ನನಗೆ ಅನ್ನ ಬಡಿಸಿದಳು. ತಾನು ಉಣ್ಣಲಾರದೆ ಗಂಜಿಯ ತಿಳಿ ಕುಡಿದಳು.

ಬಾಯಿಬೀಗ ಸರಿಯೆಂದು ನಾನು ಈಗಲೂ ಹೇಳುವುದಿಲ್ಲ. ಯಾರ ದೇಹವನ್ನೂ ಯಾವ ದೇವರೂ ಚುಚ್ಚಿಸಿ ನೋಡಬೇಕಾಗಿಲ್ಲ. ಆದರೆ ಅಂದು ನಾನು ಆಡಿದ ಮಾತು ಯಾವ ಪುಸ್ತಕದ್ದು, ನನ್ನದು ಎಷ್ಟು ಎಂಬುದು ನನಗೆ ಗೊತ್ತಿರಲಿಲ್ಲ. ಎಡ್ವರ್ಡನ ಊಟವನ್ನು ಓದುವವರೆಗೆ, ಆ ರಾತ್ರಿಯನ್ನು ಕುರಿತು ಸಾಹಿತ್ಯ ಹುಟ್ಟಬಹುದೆಂಬುದೂ ನನಗೆ ಹೊಳೆದಿರಲಿಲ್ಲ. ಇನ್ನೂ ಒಂದು ಮಾತು. ಊರಿನ ಚಂದಾ ಹಣದಿಂದ ಓದಿದ ಎಡ್ವರ್ಡನಂಥವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಈ ರಾಜ್ಯದಲ್ಲಿ ಮಠದ ಅನ್ನ ಉಂಡು, ಮಠದ ನೆರಳಿನಲ್ಲಿ ಅಕ್ಷರ ಕಲಿತು, ಆಮೇಲೆ ದೇವರಿಲ್ಲವೆಂದು ತಿಳಿದವರು ಈ ಕಾಲೇಜಿನ ಕೋಣೆಗಳಲ್ಲಿಯೇ ಇದ್ದಾರೆ. ಅವರು ಆ ಅನ್ನಕ್ಕೆ ಕೃತಘ್ನರೇ? ಅಂತಃಸಾಕ್ಷಿಗೆ ವಿರುದ್ಧವಾಗಿ ಕೈಮುಗಿದರೆ ಕೃತಜ್ಞರೇ? ಚರ್ಚಾಸ್ಪರ್ಧೆಯಲ್ಲಿ ಇದಕ್ಕೆ ಪರ ವಿರೋಧ ಎರಡನ್ನೂ ಐದೈದು ನಿಮಿಷ ಮಾತನಾಡಬಹುದು. ಕಾದಂಬರಿಯಲ್ಲಿ ಹಾಗಾಗುವುದಿಲ್ಲ.

ರಾಬಿನ್‌ಸನ್ ಸ್ವತಃ ದೈವಭಕ್ತೆ, ಚರ್ಚಿಗೆ ಹೋಗುವವರು. ಆದರೂ ಆಕೆಯ ಕಾದಂಬರಿಯಲ್ಲಿ ನಾಸ್ತಿಕನಾದ ಎಡ್ವರ್ಡ್ ಕೆಟ್ಟವನಲ್ಲ. ಅವನು ತಮ್ಮನಿಗೆ ಫಾಯರ್‌ಬಾಕ್ ಎಂಬ ಜರ್ಮನ್ ದಾರ್ಶನಿಕನ ಗ್ರಂಥವನ್ನು ಕೊಡುತ್ತಾನೆ. ದೇವರೆಂಬುದು ಮನುಷ್ಯನು ತನ್ನ ಗುಣಗಳನ್ನೇ ಹೊರಗಿಟ್ಟು ನೋಡಿಕೊಂಡ ರೂಪವೆಂದು ವಾದಿಸುವ ಗ್ರಂಥ ಅದು. ತಮ್ಮನು ಪಾದ್ರಿಯಾದ ಮೇಲೂ ಅದನ್ನು ಪ್ರೀತಿಯಿಂದ ಓದುತ್ತಾನೆ, ಮೆಚ್ಚುತ್ತಾನೆ. ತನ್ನ ನಂಬಿಕೆಯನ್ನೂ ಬಿಡುವುದಿಲ್ಲ. ಇದು ನನಗೆ ಹೊಸ ವಿಷಯ. ನಾನು ಕಂಡ ಆಸ್ತಿಕರು ನಾಸ್ತಿಕರ ಪುಸ್ತಕ ಮುಟ್ಟುವುದಿಲ್ಲ. ನಾಸ್ತಿಕ ಮಿತ್ರರು ಬೈಯುವುದಕ್ಕಲ್ಲದೆ ಪುರಾಣವನ್ನು ತೆರೆಯುವುದಿಲ್ಲ.

ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಈ ಏಮ್ಸ್ ಎಂಬ ಒಳ್ಳೆಯ ಮುದುಕನಲ್ಲಿ ಒಂದು ಕುರುಡು ಇದೆ. ಅವನ ಊರಿನಲ್ಲಿ ಹಿಂದೆ ನೀಗ್ರೋ ಜನರ ಒಂದು ಚರ್ಚು ಇತ್ತು. ಯಾರೋ ಅದಕ್ಕೆ ಬೆಂಕಿಯಿಟ್ಟರು. ಅವರೆಲ್ಲ ಊರು ಬಿಟ್ಟುಹೋದರು. ಏಮ್ಸ್ ಅದನ್ನು ನೆನೆಯುತ್ತಾನೆ, ಆದರೆ ಸಣ್ಣ ಬೆಂಕಿ ಎಂದು ಹೇಳಿ ಮುಂದೆ ಹೋಗುತ್ತಾನೆ. ಕಾದಂಬರಿಯ ಕೊನೆಯ ಭಾಗದಲ್ಲಿ ಅವನ ಗೆಳೆಯನ ಮಗ ಜ್ಯಾಕ್ ಬಂದು ತನ್ನ ಗುಟ್ಟನ್ನು ಹೇಳುತ್ತಾನೆ: ತಾನು ಕೈಹಿಡಿದ ಹೆಂಗಸು ಕಪ್ಪು ಜನಾಂಗದವಳು, ಒಬ್ಬ ಮಗನಿದ್ದಾನೆ, ಈ ಊರಿನಲ್ಲಿ ತಾವು ಸಂಸಾರ ಹೂಡಬಹುದೇ? ಅಂದಿನ ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ ಅಂಥ ಮದುವೆ ಕಾನೂನಿಗೆ ವಿರುದ್ಧ. ೧೯೬೭ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನುಗಳನ್ನು ಹೊಡೆದುಹಾಕುವವರೆಗೂ ಇತ್ತು. ತಾತ ಯಾವ ಕಾರಣಕ್ಕಾಗಿ ಕಣ್ಣು ಕಳೆದುಕೊಂಡನೋ ಅದೇ ಕಾರಣ ಮೊಮ್ಮಗನ ಬಾಗಿಲಿಗೆ ಬಂದು ನಿಂತಿದೆ. ಮೊಮ್ಮಗನ ಬಳಿ ಉತ್ತರವಿಲ್ಲ. ಕೊನೆಗೆ ಬಸ್ಸಿಗೆ ಹೊರಟ ಜ್ಯಾಕನ ಹಣೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾನೆ, ಅಷ್ಟೆ. ಆಶೀರ್ವಾದ ದೊಡ್ಡದು, ಆದರೆ ಸಾಲದು ಎಂದು ಓದುಗನಿಗೆ ಅನ್ನಿಸುತ್ತದೆ. ಹಾಗೆ ಅನ್ನಿಸಬೇಕೆಂದೇ ಬರೆದಿದ್ದಾರೆಂದು ನನ್ನ ಅಭಿಮತ. ಭಕ್ತೆಯಾದ ಲೇಖಕಿಯೇ ಭಕ್ತನ ಕುರುಡನ್ನು ತೋರಿಸಿದುದು ಈ ಕಾದಂಬರಿಯ ಬೆಲೆ.

ಈ ಕೆಲಸವನ್ನು ಆಕೆಗಿಂತ ಮುಂಚೆ, ಆಕೆಯಂತೆ ಮೃದುವಾಗಿಯಲ್ಲದೆ ಸುತ್ತಿಗೆ ಹಿಡಿದು ಮಾಡಿದವರು ಫ್ಲ್ಯಾನರಿ ಓಕಾನರ್. ಜಾರ್ಜಿಯ ಸಂಸ್ಥಾನದವರು, ಕ್ಯಾಥೊಲಿಕರು, ನವಿಲು ಸಾಕಿಕೊಂಡು ತಾಯಿಯೊಡನೆ ತೋಟದ ಮನೆಯಲ್ಲಿದ್ದವರು, ಲೂಪಸ್ ಎಂಬ ಕಾಯಿಲೆಯಿಂದ ೧೯೬೪ರಲ್ಲಿ, ೩೯ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ 'ರೆವೆಲೇಷನ್' ಎಂಬ ಕಥೆಯನ್ನು ಈ ಕಾಲೇಜಿನ ಪ್ರತಿಯೊಬ್ಬರೂ ಓದಬೇಕು. ಶ್ರೀಮತಿ ಟರ್ಪಿನ್ ಎಂಬ ಗೃಹಿಣಿ ಗಂಡನೊಡನೆ ವೈದ್ಯರ ಮನೆಯ ಪಡಸಾಲೆಯಲ್ಲಿ ಕಾದು ಕುಳಿತಿದ್ದಾಳೆ. ಬಹಳ ದೈವಭಕ್ತೆ. ನಿದ್ರೆ ಬಾರದ ರಾತ್ರಿಗಳಲ್ಲಿ ಈಕೆ ಜನರನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಕೊಳ್ಳುತ್ತಾಳೆ: ತಳದಲ್ಲಿ ಕರಿಯರು, ಅವರ ಪಕ್ಕದಲ್ಲಿಯೇ ಗತಿಗೆಟ್ಟ ಬಿಳಿಯರು, ಮೇಲೆ ಮನೆಯುಳ್ಳವರು, ಅದರ ಮೇಲೆ ಮನೆ ಜಮೀನು ಎರಡೂ ಇರುವ ತಾನು ಮತ್ತು ಗಂಡ. ತನ್ನನ್ನು ಕೆಳಗಿನವರಲ್ಲಿ ಹುಟ್ಟಿಸದಿದ್ದುದಕ್ಕಾಗಿ ಯೇಸುವಿಗೆ ವಂದನೆ ಸಲ್ಲಿಸುತ್ತಾಳೆ. ಈ ಮೆಟ್ಟಿಲುಗಳ ಅರ್ಥವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ, ನಿಘಂಟನ್ನೂ ನೋಡಲಿಲ್ಲ. ಪಡಸಾಲೆಯಲ್ಲಿ ಕುಳಿತಿದ್ದ ಒಬ್ಬ ಕಾಲೇಜು ಹುಡುಗಿ ಇದ್ದಕ್ಕಿದ್ದಂತೆ ಕೈಯಲ್ಲಿದ್ದ ದಪ್ಪ ಪುಸ್ತಕವನ್ನು ಆಕೆಯ ಮುಖಕ್ಕೆ ಎಸೆದು, ನೀನು ನರಕದಿಂದ ಬಂದ ಹಂದಿ ಎಂಬರ್ಥದ ಮಾತು ಆಡುತ್ತಾಳೆ. ಆ ಸಂಜೆ ಟರ್ಪಿನ್ ತನ್ನ ಹಂದಿಗೂಡಿನ ಬಳಿ ನಿಂತು ದೇವರೊಡನೆ ಜಗಳಕ್ಕೆ ನಿಲ್ಲುತ್ತಾಳೆ. ಆಗ ಆಕಾಶದಲ್ಲಿ ಒಂದು ದೃಶ್ಯ ಕಾಣುತ್ತದೆ. ಆತ್ಮಗಳ ಮೆರವಣಿಗೆ ಸ್ವರ್ಗಕ್ಕೆ ಹೊರಟಿದೆ. ಮುಂದೆ ಗತಿಗೆಟ್ಟವರು, ಕರಿಯರು, ಹುಚ್ಚರು, ಕುಂಟರು ಕುಣಿಯುತ್ತ ಹೋಗುತ್ತಿದ್ದಾರೆ. ಎಲ್ಲರಿಗಿಂತ ಹಿಂದೆ ಅವಳಂಥ ಮಾನವಂತರು ತಾಳ ತಪ್ಪದೆ ನಡೆಯುತ್ತಿದ್ದಾರೆ. ಅವರ ಸದ್ಗುಣಗಳೂ ಸುಟ್ಟುಹೋಗುತ್ತಿವೆ.

ಇದು ಧಾರ್ಮಿಕ ಕಥೆಯೇ ಅಲ್ಲವೇ? ಧಾರ್ಮಿಕ ಕಥೆಯೇ. ಆದರೆ ಇದನ್ನು ಓದಿ ಯಾವ ಧರ್ಮಾಭಿಮಾನಿಗೂ ಸಂತೋಷವಾಗಲಾರದು. ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಇಂಥ ಕಥೆ ಬರೆದ ಓಕಾನರ್ ತಮ್ಮ ಖಾಸಗಿ ಕಾಗದಗಳಲ್ಲಿ ಕಪ್ಪು ಜನರ ವಿಷಯದಲ್ಲಿ ಆಡಿರುವ ಮಾತುಗಳು ಓದುವುದಕ್ಕೆ ನಾಚಿಕೆಯಾಗುವಂಥವು. ಈ ಕಾರಣದಿಂದಲೇ ೨೦೨೦ರಲ್ಲಿ ಮೇರಿಲ್ಯಾಂಡಿನ ಲೊಯೊಲ ವಿಶ್ವವಿದ್ಯಾನಿಲಯದವರು ತಮ್ಮ ವಿದ್ಯಾರ್ಥಿನಿಲಯದ ಕಟ್ಟಡಕ್ಕಿದ್ದ ಆಕೆಯ ಹೆಸರನ್ನು ತೆಗೆದುಹಾಕಿದರು. ಟರ್ಪಿನ್ನಳ ಮೆಟ್ಟಿಲುಗಳನ್ನು ಅಷ್ಟು ಚೆನ್ನಾಗಿ ಬಲ್ಲವರು ಅದರ ಮೇಲೆ ತಾವೂ ಎಲ್ಲಿಯೋ ನಿಂತಿದ್ದರೆಂದು ಕಾಣುತ್ತದೆ. ಹೆಸರು ತೆಗೆದುದು ಸರಿಯಿರಬಹುದು. ಕಥೆಯನ್ನು ತೆಗೆದರೆ ನಷ್ಟ ನಮಗೆ.

ಕಪ್ಪು ಜನರ ಕಡೆಯಿಂದ ಈ ವಿಷಯವನ್ನು ನೋಡಿದರೆ ಚಿತ್ರ ಬದಲಾಗುತ್ತದೆ. ಜೇಮ್ಸ್ ಬಾಲ್ಡ್‌ವಿನ್ ೧೯೨೪ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದವರು. ಮಲತಂದೆ ಪ್ರವಚನಕಾರ, ಕಠಿಣ ಮನುಷ್ಯ. ಬಾಲ್ಡ್‌ವಿನ್ ತಾವೂ ಹದಿನಾಲ್ಕನೆಯ ವಯಸ್ಸಿನಿಂದ ಹದಿನೇಳರವರೆಗೆ ಚರ್ಚಿನಲ್ಲಿ ನಿಂತು ಪ್ರವಚನ ಮಾಡಿದರು, ಆಮೇಲೆ ಬಿಟ್ಟರು. ಆ ಚರ್ಚನ್ನೂ ಆ ತಂದೆಯನ್ನೂ ಕುರಿತ ಮೊದಲ ಕಾದಂಬರಿಯನ್ನು ಬರೆದು ಮುಗಿಸಿದುದು ಸ್ವಿಟ್ಜರ್ಲೆಂಡಿನ ಒಂದು ಹಿಮದ ಹಳ್ಳಿಯಲ್ಲಿ, ಪ್ರಕಟವಾದುದು ೧೯೫೩ರಲ್ಲಿ. ಊರಿನಿಂದ ಅಷ್ಟು ದೂರ ಹೋದ ಮೇಲೆಯೇ ಊರಿನ ದನಿ ಅವರಿಗೆ ಕೇಳಿಸಿತು. ಕಾದಂಬರಿಯ ಹುಡುಗ ಜಾನ್ ಹದಿನಾಲ್ಕನೆಯ ಹುಟ್ಟುಹಬ್ಬದ ರಾತ್ರಿ ಚರ್ಚಿನ ನೆಲದ ಮೇಲೆ ಬಿದ್ದು ಹೊರಳಿ ದರ್ಶನ ಪಡೆಯುತ್ತಾನೆ. ಅದು ದೇವರ ದರ್ಶನವೋ, ಮಲತಂದೆಯ ಭಯವೋ, ಎರಡೂ ಹೌದೋ, ಬಾಲ್ಡ್‌ವಿನ್ ಬಿಡಿಸಿ ಹೇಳುವುದಿಲ್ಲ. ಅವರು ೧೯೬೩ರಲ್ಲಿ ಪ್ರಕಟಿಸಿದ 'ದಿ ಫೈರ್ ನೆಕ್ಸ್ಟ್ ಟೈಮ್' ಎಂಬ ಪ್ರಬಂಧಗ್ರಂಥದಲ್ಲಿ ಚರ್ಚಿನ ಮೇಲೆ ಹೊರಿಸಿದ ಆಪಾದನೆಗಳು ಬಹಳ ತೀವ್ರವಾದವು. ವಿನೋದವೆಂದರೆ, ಆಪಾದನೆಯ ಪ್ರತಿಯೊಂದು ವಾಕ್ಯದಲ್ಲಿಯೂ ಪ್ರವಚನದ ಏರಿಳಿತವಿದೆ. ಚರ್ಚನ್ನು ಬಿಟ್ಟರೂ ಚರ್ಚು ಕೊಟ್ಟ ನಾಲಗೆಯನ್ನು ಬಿಡಲಿಲ್ಲ. ಬಿಟ್ಟಿದ್ದರೆ ಅವರು ಬಾಲ್ಡ್‌ವಿನ್ ಆಗುತ್ತಿರಲಿಲ್ಲ.

ಟೋನಿ ಮಾರಿಸನ್ ಅವರ 'ಬಿಲವೆಡ್' ೧೯೮೭ರಲ್ಲಿ ಬಂತು. ಆಕೆಗೆ ೧೯೯೩ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದರಲ್ಲಿ ಬೇಬಿ ಸಗ್ಸ್ ಎಂಬ ಮುದುಕಿ ಬರುತ್ತಾಳೆ. ಗುಲಾಮಗಿರಿಯಲ್ಲಿ ದೇಹವೆಲ್ಲ ಜಜ್ಜಿಹೋದವಳು. ಯಾರೂ ಅವಳಿಗೆ ದೀಕ್ಷೆ ಕೊಟ್ಟಿಲ್ಲ, ಪೀಠವೂ ಇಲ್ಲ. ಕಾಡಿನ ನಡುವಿನ ಬಯಲಿನಲ್ಲಿ ಜನರನ್ನು ಸೇರಿಸಿಕೊಂಡು ಬೋಧಿಸುತ್ತಾಳೆ. ಪಾಪದ ವಿಷಯ ಎತ್ತುವುದಿಲ್ಲ. ನಿಮ್ಮ ಕೈಗಳನ್ನು, ನಿಮ್ಮ ಕುತ್ತಿಗೆಯನ್ನು, ನಿಮ್ಮ ಹೃದಯವನ್ನು ನೀವೇ ಪ್ರೀತಿಸಿಕೊಳ್ಳಿ, ಬೇರೆಯವರು ಅವನ್ನು ಪ್ರೀತಿಸುವುದಿಲ್ಲ ಎಂಬುದೇ ಅವಳ ಬೋಧೆಯ ಸಾರ. ಒಂದು ದಿನ ಅವಳೂ ಸೋತು, ಬೋಧನೆ ನಿಲ್ಲಿಸಿ, ಹಾಸಿಗೆ ಹಿಡಿದು ಬಣ್ಣಗಳನ್ನು ಧ್ಯಾನಿಸುತ್ತ ಮಲಗಿಬಿಡುತ್ತಾಳೆ. ಇಂಥ ಪಾತ್ರವನ್ನು ನಿರ್ಮಿಸಿದ ಸಾಹಿತ್ಯದಲ್ಲಿ ಧರ್ಮವಿಲ್ಲವೆಂದು ನಾನು ಮೇಜು ಗುದ್ದಿದೆನಲ್ಲ!

ಯೆಹೂದಿ ಲೇಖಕರ ವಿಷಯವೇ ಬೇರೊಂದು ಲೇಖನವಾಗಬೇಕು. ಅದಕ್ಕೆ ನನ್ನ ಓದು ಸಾಲದು. ಫಿಲಿಪ್ ರಾತ್ ೧೯೫೯ರ ತಮ್ಮ ಮೊದಲ ಪುಸ್ತಕದಲ್ಲಿ ಬರೆದ ಒಂದು ಕಥೆಯನ್ನು ಮಾತ್ರ ಹೇಳುತ್ತೇನೆ. ಪ್ರಶ್ನೆ ಕೇಳಿದ್ದಕ್ಕಾಗಿ ಗುರುವಿನಿಂದ ಮೂಗಿಗೆ ಪೆಟ್ಟು ತಿಂದ ಆಜಿ ಎಂಬ ಹುಡುಗ ಯೆಹೂದಿ ಮಂದಿರದ ಮಾಳಿಗೆ ಹತ್ತಿ ನಿಲ್ಲುತ್ತಾನೆ. ಕೆಳಗೆ ಬೆಂಕಿ ಆರಿಸುವ ದಳದವರು ಬಲೆ ಹಿಡಿದಿದ್ದಾರೆ. ದೇವರ ವಿಷಯಕ್ಕಾಗಿ ಇನ್ನು ಮುಂದೆ ಯಾರನ್ನೂ ಹೊಡೆಯುವುದಿಲ್ಲವೆಂದು ತಾಯಿಯಿಂದಲೂ ಗುರುವಿನಿಂದಲೂ ಮಂಡಿಯೂರಿಸಿ ಮಾತು ತೆಗೆದುಕೊಂಡ ಮೇಲೆಯೇ ಅವನು ಧುಮುಕುತ್ತಾನೆ. ನಗು ತಡೆಯಲಾಗದ ಕಥೆ. ನಮ್ಮ ಹೈಸ್ಕೂಲಿನಲ್ಲಿ ಮಾಳಿಗೆ ಇರಲಿಲ್ಲ, ಹೆಂಚು ಮಾತ್ರ.

ಇಷ್ಟು ಹೇಳಿದ ಮೇಲೆ ಈಲಿಯವರ ಸಂಶಯಕ್ಕೆ ಏನುತ್ತರ? ಒಂದು ಅಂಶದಲ್ಲಿ ಅವರು ಸರಿ. 'ಗಿಲಿಯಡ್' ಬರೆದುದು ಈ ಶತಮಾನದಲ್ಲಿ, ಆದರೆ ಅದರ ಪಾದ್ರಿ ೧೯೫೬ರಲ್ಲಿದ್ದಾನೆ. 'ಬಿಲವೆಡ್' ನಡೆಯುವುದು ಅಂತರ್ಯುದ್ಧದ ಆಚೀಚೆ. ಜಾನ್ ಅಪ್‌ಡೈಕ್ ೧೯೯೬ರಲ್ಲಿ ಬರೆದ ಕಾದಂಬರಿಯ ಪಾದ್ರಿ ನಂಬಿಕೆ ಕಳೆದುಕೊಳ್ಳುವುದು ೧೯೧೦ರಲ್ಲಿ. ಆಮೇಲೆ ಅವನು ಮನೆ ಮನೆ ಅಲೆದು ವಿಶ್ವಕೋಶ ಮಾರುತ್ತಾನೆ. ಭಕ್ತರೆಲ್ಲ ಹಿಂದಿನ ಕಾಲದಲ್ಲಿಯೇ ಇದ್ದಾರೆ. ಇಂದಿನ ಅಮೆರಿಕದಲ್ಲಿ ಬಸ್ಸಿನಲ್ಲಿ ಕುಳಿತು ಪ್ರಾರ್ಥಿಸುವವನ ಕಥೆ ಬೇಕಾದರೆ ಹೊಸದಾಗಿ ಬಂದು ನೆಲೆಸಿದವರ ಮಕ್ಕಳ ಕಡೆಗೆ ತಿರುಗಬೇಕು. ಪಾಕಿಸ್ತಾನಿ ತಂದೆತಾಯಿಗಳ ಮಗ ಅಯಾದ್ ಅಖ್ತರ್ ೨೦೧೩ರಲ್ಲಿ ಪುಲಿಟ್ಜರ್ ಪಡೆದ ನಾಟಕದಲ್ಲಿ ತಾನು ಬಿಟ್ಟೆನೆಂದುಕೊಂಡ ಇಸ್ಲಾಂ ಮತ ಊಟದ ಮೇಜಿನಲ್ಲಿಯೇ ಮೇಲೆದ್ದು ಬರುತ್ತದೆ. ಮತ್ತೆ ಊಟದ ಮೇಜು! ನಂಬಿಕೆ ಕಡಮೆಯಾಗಿದೆ, ನಿಜ, ಜಗಳ ಕಡಮೆಯಾಗಿಲ್ಲ. ಸಾಹಿತ್ಯಕ್ಕೆ ಬೇಕಾದುದು ಆ ಜಗಳವೇ ಎಂದು ನನಗೆ ತೋರುತ್ತದೆ.

ನಮ್ಮವರು ಈ ವಿಷಯ ಬಂದಾಗಲೆಲ್ಲ ಎಮರ್ಸನ್ ಉಪನಿಷತ್ತನ್ನು ಮೆಚ್ಚಿದ, ತೊರೊ ಗೀತೆಯನ್ನು ಓದಿದ ಎಂದು ಹೇಳಿ ಕುಳಿತುಬಿಡುತ್ತಾರೆ. ಅವರು ಓದಿದರು, ಒಳ್ಳೆಯದಾಯಿತು. ನಾವು ಅವರನ್ನು ಓದಿದೆವೇ? ಕನ್ನಡಿಗರು ಹೇಳಿಕೊಳ್ಳಬಹುದಾದ ಸಂಗತಿ ಬೇರೊಂದಿದೆ. ಮೈಸೂರಿನಲ್ಲಿ ೧೯೨೯ರಲ್ಲಿ ಹುಟ್ಟಿ, ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಅವರು ೧೯೭೩ರಲ್ಲಿ 'ಸ್ಪೀಕಿಂಗ್ ಆಫ್ ಶಿವ' ಎಂಬ ಹೆಸರಿನಿಂದ ದಾಸಿಮಯ್ಯ, ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯವರ ವಚನಗಳನ್ನು ಇಂಗ್ಲಿಷಿಗೆ ತಂದರು. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಸವೆದುಹೋಗಿದ್ದ ವಚನಗಳನ್ನು ನಾನು ಆ ಇಂಗ್ಲಿಷಿನಲ್ಲಿ ಓದಿದಾಗ, ಅವು ಗುಡಿಯೊಡನೆ, ಜಾತಿಯೊಡನೆ, ಒಮ್ಮೊಮ್ಮೆ ದೇವರೊಡನೆಯೇ ತಗಾದೆ ತೆಗೆದ ಮಾತುಗಳೆಂದು ಮೊದಲ ಸಲ ಕಿವಿಗೆ ಬಿತ್ತು. ಓಕಾನರ್ ಅವರ ಹಂದಿಗೂಡಿನಿಂದ ಕಲ್ಯಾಣಕ್ಕೆ ಬಹಳ ದೂರವಿಲ್ಲವೆಂದು ಹೇಳಿದರೆ ಕನ್ನಡ ವಿಭಾಗದವರು ಮುನಿಯಬಾರದು.

ಈ ಲೇಖನದ ಕರಡನ್ನು ನೋಡಿದ ಹಿರಿಯರೊಬ್ಬರು, ಕನ್ನಡದಲ್ಲಿ ಮತ ಬೇರೆ, ಧರ್ಮ ಬೇರೆ. ಸಾಹಿತ್ಯಕ್ಕೆ ಬೇಕಾದುದು ಧರ್ಮ, ಬೇಡವಾದುದು ಮತ, ಹಾಗೆಂದು ಬರೆದುಬಿಡು, ತೊಡಕು ಬಿಡಿಸಿಕೊಳ್ಳುತ್ತದೆ ಎಂದು ಸಲಹೆ ಕೊಟ್ಟರು. ಅವರ ಮೇಲೆ ನನಗೆ ಗೌರವವಿದೆ. ಆದರೆ ಈ ವಿಂಗಡಣೆ ನನಗೆ ಉಪಯೋಗಕ್ಕೆ ಬರಲಿಲ್ಲ. ನನ್ನ ತಾಯಿ ಕೆನ್ನೆಗೆ ಸರಳು ಚುಚ್ಚಿಸಿಕೊಂಡುದು ಮತವೋ ಧರ್ಮವೋ? ಮಗನಿಗಾಗಿ ಪಟ್ಟ ನೋವು ಧರ್ಮ, ಸರಳು ಮತ ಎಂದು ಹೇಳಬಹುದೇನೋ. ಅವಳ ಕೆನ್ನೆಯಲ್ಲಿ ಅವೆರಡೂ ಒಂದೇ ತೂತಿನಲ್ಲಿದ್ದವು.

ಈ ಸಲ ದಸರೆಯ ರಜೆಯಲ್ಲಿ ಊರಿಗೆ ಹೋಗಿದ್ದಾಗ ಈ ಲೇಖನ ಬರೆಯುತ್ತ ಕುಳಿತಿದ್ದೆ. ತಾಯಿ ಅವರೆಕಾಯಿ ಬಿಡಿಸುತ್ತ, "ಏನ್ ಮಗಾ, ಅದೇ ಪುಸ್ತಕವಾ ಇನ್ನೂ?" ಎಂದು ಕೇಳಿದಳು. ನನಗೆ ಏನನ್ನಿಸಿತೋ, ಎಡ್ವರ್ಡನ ಕಥೆಯನ್ನು ನಮ್ಮ ಮನೆಯ ಮಾತಿನಲ್ಲಿ ಹೇಳಿದೆ. ಊರವರು ಓದಿಸಿದ್ದು, ಪರದೇಶಕ್ಕೆ ಹೋದದ್ದು, ಬಂದು ಅಪ್ಪನ ಮಾತು ಮೀರಿದ್ದು, ಎಲ್ಲವನ್ನೂ ಹೇಳಿದೆ. ಕೈಯಲ್ಲಿದ್ದ ಕಾಯಿಯನ್ನು ಹಾಗೆಯೇ ಹಿಡಿದುಕೊಂಡು ಕೇಳಿದಳು.

"ಆ ಹುಡುಗ ಉಂಡ್ನಾ?"

"ಉಂಡ."

"ಅವರವ್ವ?"

ನಾನು ಒಳಗೆ ಹೋಗಿ ಪುಸ್ತಕ ತಂದು ಆ ಪುಟವನ್ನು ಮತ್ತೆ ನೋಡಿದೆ. ಅವಳು ಅಳುತ್ತ ಕುಳಿತಿದ್ದಳೆಂದಿದೆ. ಉಂಡಳೋ ಇಲ್ಲವೋ ಬರೆದಿಲ್ಲ. ಹಾಗೆಂದೇ ಹೇಳಿದೆ.